ಮೌಂಟ್ ಪಟ್ಟಿಯ ಚರಿತ್ರೆ

ಯುನಿಕ್ಸ್ ಮತ್ತು ಅದರ ವಂಶಕ್ಕೆ ಸೇರಿದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಒಂದು ಡಿಸ್ಕನ್ನು ಗಣಕಕ್ಕೆ ಜೋಡಿಸಿದ ಮಾತ್ರಕ್ಕೆ ಅದರೊಳಗಿನ ಕಡತಗಳು ಬಳಕೆದಾರನ ಕೈಗೆ ಸಿಗುವುದಿಲ್ಲ. ಡಿಸ್ಕಿನ ಮೇಲೆ ಕಡತಗಳನ್ನೂ ಅವುಗಳ ಹೆಸರು, ಗಾತ್ರ, ಸ್ಥಾನಗಳ ವಿವರವನ್ನೂ ಕ್ರಮವಾಗಿ ಇರಿಸಿಕೊಂಡಿರುವ ಏರ್ಪಾಡಿಗೆ ಕಡತ ವ್ಯವಸ್ಥೆ ಎಂದು ಹೆಸರು. ಮೂಲ ಡೈರೆಕ್ಟರಿಯಿಂದ ಕವಲೊಡೆದು ಹರಡಿರುವ ಒಂದೇ ಮರದ ಯಾವುದಾದರೊಂದು ಡೈರೆಕ್ಟರಿಗೆ ಆ ಕಡತ ವ್ಯವಸ್ಥೆಯನ್ನು ಕೂಡಿಸಿದ ಮೇಲಷ್ಟೇ ಅದು ಬಳಕೆಗೆ ಬರುತ್ತದೆ. ಹೀಗೆ ಕೂಡಿಸುವುದನ್ನು ಮೌಂಟ್ ಮಾಡುವುದು ಎಂದೂ ಕೂಡಿಸಿದ ಜಾಗವನ್ನು ಮೌಂಟ್ ಪಾಯಿಂಟ್ ಎಂದೂ ಕರೆಯುತ್ತಾರೆ. ಒಮ್ಮೆ ಮೌಂಟ್ ಆದ ಬಳಿಕ ಕಡತದ ಹಾದಿಯಲ್ಲಿ ಸಾಧನದ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಸಾಧನವನ್ನು ಹೀಗೆ ಕಣ್ಣಿಂದ ಮರೆಮಾಡುವುದು ಆ ವ್ಯವಸ್ಥೆಯ ದೊಡ್ಡ ಗುಣ. ಯಾವ ಸಾಧನ ಎಲ್ಲಿ ಮೌಂಟ್ ಆಗಿದೆಯೆಂದು ಕಮಾಂಡ್ ಲೈನಿನಲ್ಲಿ, ಎಂದರೆ ಆದೇಶವನ್ನು ಅಕ್ಷರಗಳಲ್ಲಿ ಬರೆದು ಉತ್ತರ ಪಡೆಯುವ ತೆರೆಯಲ್ಲಿ, ಪ್ರತ್ಯೇಕವಾಗಿ ಕೇಳಬೇಕಾಗಿ ಬಂದುದಕ್ಕೂ ಅದೇ ಕಾರಣ. ಕೇಳುವುದು ಸುಲಭ. ಉತ್ತರ ಕೊಡುವ ಪಟ್ಟಿಯನ್ನು ಯಾರು ಬರೆದಿಡಬೇಕು, ಆ ಪಟ್ಟಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಮಾತ್ರ ಐದು ದಶಕಗಳ ಉದ್ದಕ್ಕೂ ಮತ್ತೆ ಮತ್ತೆ ಎದ್ದ ಪ್ರಶ್ನೆಯಾಗಿದ್ದು, ಮೌಂಟ್ ಪಟ್ಟಿಯ ಚರಿತ್ರೆಯು ಬಹುಮಟ್ಟಿಗೆ ಆ ಪ್ರಶ್ನೆಯ ಚರಿತ್ರೆಯೇ ಆಗಿದೆ.

1960ರ ದಶಕದ ದೊಡ್ಡ ಗಣಕಗಳ ಕೋಣೆಯಲ್ಲಿ ಯಾವ ಡಿಸ್ಕ್ ಎಲ್ಲಿದೆಯೆಂಬ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವನು ಆಪರೇಟರ್. ಐಬಿಎಂ ಕಂಪನಿ 1962ರಲ್ಲಿ ಹೊರತಂದ 1311 ಎಂಬ ಸಾಧನದಿಂದ ಮೊದಲ್ಗೊಂಡು, ತಟ್ಟೆಗಳ ಕಟ್ಟನ್ನು ಯಂತ್ರದಿಂದ ಹೊರತೆಗೆದು ಮತ್ತೊಂದನ್ನು ಕೂರಿಸಬಹುದಾದ ಡಿಸ್ಕ್‌ಗಳು ಬಳಕೆಗೆ ಬಂದವು. ಪ್ರೋಗ್ರಾಂ ತನಗೆ ಬೇಕಾದ ಟೇಪಿನ ಸುರುಳಿಯನ್ನೋ ಡಿಸ್ಕಿನ ಕಟ್ಟನ್ನೋ ಅದರ ಮೇಲಿನ ಗುರುತಿನಿಂದ ಕೇಳುತ್ತಿತ್ತು, ಆಪರೇಟರ್ ಅದನ್ನು ಕಪಾಟಿನಿಂದ ತಂದು ಯಂತ್ರದಲ್ಲಿ ಕೂರಿಸುತ್ತಿದ್ದನು, ಕೆಲಸ ಮುಗಿದ ಮೇಲೆ ಇಳಿಸಿ ಇಡುತ್ತಿದ್ದನು. ಅಲ್ಲಿ ಕಡತವನ್ನು ಹೆಸರಿಸುವುದೆಂದರೆ ಅದು ಯಾವ ಸುರುಳಿಯಲ್ಲಿ ಅಥವಾ ಯಾವ ಕಟ್ಟಿನಲ್ಲಿ ಇದೆಯೆಂದು ಹೇಳುವುದೂ ಆಗಿದ್ದುದರಿಂದ ಸಾಧನ ಯಾವುದೆಂಬ ಸಂದೇಹಕ್ಕೆ ಎಡೆಯಿರಲಿಲ್ಲ.

ಕಡತದ ಹೆಸರಿಗೂ ಸಾಧನಕ್ಕೂ ಇದ್ದ ಈ ನಂಟನ್ನು ಬಿಡಿಸಿದ ಚಿಂತನೆ ಮಲ್ಟಿಕ್ಸ್ ಯೋಜನೆಯದು. ಅಮೆರಿಕದ ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಪ್ರಯೋಗಾಲಯಗಳು ಜೊತೆಗೂಡಿ ಕೈಗೊಂಡ ಈ ಯೋಜನೆಯ ಕಡತ ವ್ಯವಸ್ಥೆಯ ವಿನ್ಯಾಸವನ್ನು ಆರ್. ಸಿ. ಡೇಲಿ ಮತ್ತು ಪೀಟರ್ ನ್ಯೂಮನ್ 1965ರ ಪ್ರಬಂಧವೊಂದರಲ್ಲಿ ಮಂಡಿಸಿದರು. ಡೈರೆಕ್ಟರಿಯೊಳಗೆ ಡೈರೆಕ್ಟರಿ ಇರಬಹುದೆಂಬ, ಬಳಕೆದಾರನು ಮೂಲದಿಂದ ಕೊನೆಯವರೆಗಿನ ಹಾದಿಯನ್ನಷ್ಟೇ ಹೇಳಿದರೆ ಸಾಕೆಂಬ, ದತ್ತಾಂಶ ಯಾವ ಸಾಧನದ ಮೇಲಿದೆಯೆಂಬ ಚಿಂತೆ ವ್ಯವಸ್ಥೆಗೆ ಸೇರಿದ್ದೆಂಬ ನಿಲುವು ಅಲ್ಲಿ ಸ್ಪಷ್ಟವಾಗಿತ್ತು. ಬೆಲ್ ಪ್ರಯೋಗಾಲಯ 1969ರಲ್ಲಿ ಯೋಜನೆಯಿಂದ ಹಿಂದೆ ಸರಿಯಿತು. ಆದರೆ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಅದೇ ವರ್ಷ ಪಿಡಿಪಿ-7 ಎಂಬ ಸಣ್ಣ ಗಣಕದ ಮೇಲೆ ಹೊಸ ವ್ಯವಸ್ಥೆಯೊಂದನ್ನು ಕಟ್ಟತೊಡಗಿದಾಗ ಮಲ್ಟಿಕ್ಸ್‌ನಿಂದ ಕಲಿತುದನ್ನು ಬಿಟ್ಟುಕೊಡಲಿಲ್ಲ. ಯುನಿಕ್ಸ್ ಎಂದು ಹೆಸರಾದ ಅದು ಮುಂದೆ ಪಿಡಿಪಿ-11 ಗಣಕಕ್ಕೆ ವರ್ಗವಾಯಿತು.

1971ರ ನವೆಂಬರ್ 3ರ ದಿನಾಂಕ ಹೊತ್ತ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲಿಯೇ ಮೌಂಟ್ ಆದೇಶವೂ ಅದನ್ನು ಬಿಡಿಸುವ ಯುಮೌಂಟ್ ಆದೇಶವೂ ಇವೆ. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ಹೇಳುವ ಡಿಎಫ್, ಒಂದು ಡೈರೆಕ್ಟರಿ ಎಷ್ಟು ಜಾಗ ಬಳಸಿದೆಯೆಂದು ಹೇಳುವ ಡಿಯು ಕೂಡ ಅಲ್ಲಿವೆ. ಕೈಪಿಡಿ ಮೌಂಟ್ ಆದೇಶವನ್ನು ವಿವರಿಸುವ ರೀತಿ ಗಮನಾರ್ಹವಾದುದು. ತೆಗೆದುಹಾಕಬಹುದಾದ ಕಡತ ವ್ಯವಸ್ಥೆಯೊಂದನ್ನು ಇಂಥ ಸಾಧನದ ಮೇಲೆ ಕೂರಿಸಲಾಗಿದೆಯೆಂಬ ಸಂಗತಿಯನ್ನು ಆ ಆದೇಶ ವ್ಯವಸ್ಥೆಗೆ ಸಾರುತ್ತದೆ ಎಂಬುದು ಅದರ ತಾತ್ಪರ್ಯ. ಕೈಯಿಂದ ಮಾಡುವ ಕೆಲಸ ಮನುಷ್ಯನಲ್ಲಿಯೇ ಉಳಿಯಿತು. ಅದನ್ನು ತಂತ್ರಾಂಶಕ್ಕೆ ತಿಳಿಸುವುದು ಬೇರೆಯದೇ ಕ್ರಿಯೆಯಾಗಿ ಒಡೆದು ನಿಂತಿತು. ಆ ಮೊದಲ ಆವೃತ್ತಿಯ ಕರ್ನಲ್, ಎಂದರೆ ಯಂತ್ರಾಂಶವನ್ನು ನೇರವಾಗಿ ಆಳುವ ವ್ಯವಸ್ಥೆಯ ತಿರುಳು, ಮೂಲ ಡಿಸ್ಕಿನ ಜೊತೆಗೆ ಒಂದೇ ಒಂದು ಕಡತ ವ್ಯವಸ್ಥೆಯನ್ನು ಮೌಂಟ್ ಮಾಡಲು ಬಿಡುತ್ತಿತ್ತು. ಎರಡನೆಯದನ್ನು ಮೌಂಟ್ ಮಾಡಹೋದರೆ ದೋಷವೆಂದು ಹಿಂದಿರುಗಿಸುತ್ತಿತ್ತು. ಒಂದೇ ಇದ್ದಾಗ ಪಟ್ಟಿಯ ಅಗತ್ಯವಿಲ್ಲ, ಎಲ್ಲಿದೆಯೆಂಬ ಪ್ರಶ್ನೆಯೂ ಹುಟ್ಟುವುದಿಲ್ಲ.

ಥಾಂಪ್ಸನ್ ಮತ್ತು ರಿಚಿ 1974ರ ಜುಲೈಯಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಹೊತ್ತಿಗೆ ಸ್ಥಿತಿ ಬದಲಾಗಿತ್ತು. ಅವರ ಪಿಡಿಪಿ-11/45 ಗಣಕಕ್ಕೆ ಹತ್ತು ಲಕ್ಷ ಬೈಟ್‌ಗಳ ಒಂದು ಡಿಸ್ಕ್, ಎಂದರೆ ಓದುವ ತಲೆಗಳು ಕದಲದೆ ಒಂದೆಡೆ ನಿಂತಿರುವ ಬಗೆಯದು, ತಲಾ 25 ಲಕ್ಷ ಬೈಟ್‌ಗಳ ಬದಲಿಸಬಹುದಾದ ತಟ್ಟೆಯ ನಾಲ್ಕು ಡಿಸ್ಕ್‌ಗಳು, ಮತ್ತು ನಾಲ್ಕು ಕೋಟಿ ಬೈಟ್‌ಗಳ ಒಂದು ದೊಡ್ಡ ಡಿಸ್ಕ್ ಸೇರಿಕೊಂಡಿದ್ದವು. ಮೂಲ ಡೈರೆಕ್ಟರಿ ಮೊದಲನೆಯದರ ಮೇಲಿತ್ತು. ಬಳಕೆದಾರರ ಕಡತಗಳಿದ್ದ ದೊಡ್ಡ ಡಿಸ್ಕನ್ನು ವ್ಯವಸ್ಥೆ ಚಾಲೂ ಆಗುವಾಗ ಪ್ರಾರಂಭಿಕ ಪ್ರೋಗ್ರಾಂ ಮೌಂಟ್ ಮಾಡುತ್ತಿತ್ತು. ನಾಲ್ಕು ಸಣ್ಣ ಡಿಸ್ಕ್‌ಗಳು ಬಳಕೆದಾರರು ತಮ್ಮ ತಮ್ಮ ತಟ್ಟೆಗಳನ್ನು ತಂದು ಮೌಂಟ್ ಮಾಡಿಕೊಳ್ಳಲೆಂದು ಮೀಸಲಾಗಿದ್ದವು. ಮರವೊಂದರ ತುದಿಯ ಎಲೆಯಿದ್ದ ಜಾಗಕ್ಕೆ ಮತ್ತೊಂದು ಮರದ ಕೊಂಬೆಯನ್ನು ಕಸಿ ಕಟ್ಟಿದಂತೆ, ಹೊಸ ಡಿಸ್ಕಿನ ಇಡೀ ಡೈರೆಕ್ಟರಿ ಸಮೂಹ ಹಳೆಯ ಮರದ ಒಂದು ಬಿಂದುವಿನಲ್ಲಿ ಬಂದು ನಿಲ್ಲುತ್ತಿತ್ತು. ಎರಡು ಸಾಧನಗಳ ಕಡತಗಳ ನಡುವೆ ಯಾವ ಭೇದವನ್ನೂ ಮಾಡದಿರುವುದು ವಿನ್ಯಾಸದ ಗುರಿಯಾಗಿದ್ದು, ಒಂದು ಅಪವಾದಕ್ಕೆ ಮಾತ್ರ ಅವಕಾಶವಿತ್ತು: ಒಂದೇ ಕಡತಕ್ಕೆ ಇನ್ನೊಂದು ಹೆಸರು ಕೊಡುವ ಲಿಂಕ್ ಎಂಬ ಸೌಲಭ್ಯ ಒಂದು ಕಡತ ವ್ಯವಸ್ಥೆಯ ಗಡಿಯನ್ನು ದಾಟಿ ಮತ್ತೊಂದಕ್ಕೆ ಹೋಗುವಂತಿರಲಿಲ್ಲ, ಏಕೆಂದರೆ ಡಿಸ್ಕನ್ನು ಬಿಡಿಸಿದಾಗ ಅತ್ತ ಚಾಚಿದ ಹೆಸರುಗಳು ಅನಾಥವಾಗದಂತೆ ಕಾಯುವ ಲೆಕ್ಕಪತ್ರ ವಿಪರೀತ ತೊಡಕಿನದಾಗುತ್ತಿತ್ತು.

1975ರ ಆರನೆಯ ಆವೃತ್ತಿಯಲ್ಲಿ ಈ ಏರ್ಪಾಡು ಒಳಗಿನಿಂದ ಹೇಗೆ ನಡೆಯುತ್ತಿತ್ತೆಂಬುದು ನಿಚ್ಚಳವಾಗಿ ತಿಳಿದಿದೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಆ ಆವೃತ್ತಿಯ ಮೂಲಪಠ್ಯಕ್ಕೆ 1977ರಲ್ಲಿ ಸಾಲುಸಾಲಾಗಿ ವ್ಯಾಖ್ಯಾನ ಬರೆದದ್ದರಿಂದ ಅದನ್ನು ಓದಿ ಬೆಳೆದ ಪೀಳಿಗೆಯೇ ಒಂದಿದೆ. ಕರ್ನಲ್‌ನ ಸ್ಮೃತಿಯಲ್ಲಿ ಐದು ನಮೂದುಗಳಿಗೆ ಜಾಗವಿದ್ದ ಒಂದು ಕೋಷ್ಟಕವಿತ್ತು. ಯಾವುದಾದರೂ ಡೈರೆಕ್ಟರಿಯ ಮೇಲೆ ಡಿಸ್ಕ್ ಮೌಂಟ್ ಆದಾಗ ಆ ಡೈರೆಕ್ಟರಿಯ ಐನೋಡ್‌ಗೆ, ಎಂದರೆ ಹೆಸರನ್ನು ಬಿಟ್ಟು ಕಡತದ ಉಳಿದೆಲ್ಲ ವಿವರಗಳನ್ನು ಹೊತ್ತಿರುವ ದಾಖಲೆಗೆ, ಒಂದು ಗುರುತು ಬೀಳುತ್ತಿತ್ತು. ಹಾದಿಯನ್ನು ಹುಡುಕುತ್ತ ಬಂದ ಕರ್ನಲ್ ಆ ಗುರುತನ್ನು ಕಂಡೊಡನೆ ಕೋಷ್ಟಕವನ್ನು ತಿರುವಿ, ಅಲ್ಲಿ ಕೂಡಿಕೊಂಡಿರುವ ಸಾಧನ ಯಾವುದೆಂದು ನೋಡಿ, ಆ ಸಾಧನದ ಮೂಲ ಡೈರೆಕ್ಟರಿಗೆ ಸದ್ದಿಲ್ಲದೆ ದಾಟಿಕೊಳ್ಳುತ್ತಿತ್ತು. ಕೆಲವೇ ಸಾಲುಗಳ ಈ ತರ್ಕ ಇಂದಿನವರೆಗೂ ತತ್ತ್ವದಲ್ಲಿ ಬದಲಾಗದೆ ಉಳಿದಿರುವುದು ಅದನ್ನು ಬರೆದವರ ದೂರದೃಷ್ಟಿಗೆ ಸಾಕ್ಷಿ.

ಆದರೆ ಕರ್ನಲ್‌ನ ಕೋಷ್ಟಕ ಸಾಧನಗಳನ್ನು ಸಂಖ್ಯೆಗಳಿಂದ ಗುರುತಿಸುತ್ತಿತ್ತೇ ಹೊರತು ಮೌಂಟ್ ಪಾಯಿಂಟ್‌ನ ಪೂರ್ಣ ಹಾದಿಯನ್ನು ಅಕ್ಷರಗಳಲ್ಲಿ ಇಟ್ಟುಕೊಂಡಿರಲಿಲ್ಲ, ಅದನ್ನು ಓದಲು ಸಾಮಾನ್ಯ ಪ್ರೋಗ್ರಾಂಗೆ ನೇರವಾದ ದಾರಿಯೂ ಇರಲಿಲ್ಲ. ಆದ್ದರಿಂದ ಮೌಂಟ್ ಆದೇಶವೇ ತಾನು ಮಾಡಿದ ಕೆಲಸವನ್ನು ಇಟಿಸಿ ಡೈರೆಕ್ಟರಿಯ ಎಂಟ್ಯಾಬ್ ಎಂಬ ಕಡತದಲ್ಲಿ ಬರೆದಿಡುವ ಪದ್ಧತಿ ಬಂತು. ಪ್ರತಿಯೊಂದು ನಮೂದೂ 64 ಬೈಟ್‌ಗಳದು. ಮೊದಲ 32ರಲ್ಲಿ ಮೌಂಟ್ ಪಾಯಿಂಟ್‌ನ ಹೆಸರು, ಉಳಿದ 32ರಲ್ಲಿ ಸಾಧನದ ಹೆಸರು. ಬೇರೇನನ್ನೂ ಸೇರಿಸದೆ ಮೌಂಟ್ ಎಂದಷ್ಟೇ ಬರೆದರೆ ಆ ಆದೇಶ ಈ ಕಡತವನ್ನು ಓದಿ ತೋರಿಸುತ್ತಿತ್ತು. ಈ ಕೋಷ್ಟಕ ಇರುವುದು ಜನ ನೋಡಲೆಂದು ಮಾತ್ರ, ಅದರಲ್ಲಿ ಒಂದೇ ನಮೂದು ಎರಡು ಸಲ ಬಂದರೂ ಮೌಂಟ್‌ಗೆ ಬಾಧಕವಿಲ್ಲ, ಇರಬೇಕಾದ ಹೆಸರು ಇಲ್ಲದಿದ್ದರೂ ಯುಮೌಂಟ್‌ಗೆ ಬಾಧಕವಿಲ್ಲ ಎಂದು ಕೈಪಿಡಿಯೇ ಹೇಳಿತ್ತು. ಚರಿತ್ರೆಯ ದೃಷ್ಟಿಯಿಂದ ಅದು ಮಹತ್ವದ ಹೇಳಿಕೆ. ಕೆಲಸ ಮಾಡುವವನು ಕರ್ನಲ್, ದಾಖಲೆ ಬರೆಯುವವನು ಇನ್ನೊಬ್ಬ, ಇವೆರಡೂ ಹೊಂದಿಕೊಂಡಿರುತ್ತವೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಜಾಗವನ್ನು ಅಳೆಯುವ ಡಿಎಫ್ ಆದೇಶವಂತೂ ಆ ಕಾಲದಲ್ಲಿ ಮೌಂಟ್‌ಗಳನ್ನು ವಿಚಾರಿಸುತ್ತಲೇ ಇರಲಿಲ್ಲ. ಸಾಧನದ ಹೆಸರು ಹೇಳದಿದ್ದರೆ, ಆಯಾ ಕೇಂದ್ರದಲ್ಲಿ ಸಾಮಾನ್ಯವಾಗಿ ಮೌಂಟ್ ಆಗಿರುವ ಸಾಧನಗಳೆಂದು ಪ್ರೋಗ್ರಾಮಿನೊಳಗೇ ಬರೆದಿಟ್ಟಿದ್ದ ಹೆಸರುಗಳನ್ನು ಅದು ಹಿಡಿದು ಹೊರಡುತ್ತಿತ್ತು.

ನೋಡಲೆಂದು ಮಾತ್ರ ಇಟ್ಟ ಪಟ್ಟಿಯನ್ನು ಜನ ನೋಡಿ ಸುಮ್ಮನಿರುವುದಿಲ್ಲ, ನಂಬತೊಡಗುತ್ತಾರೆ. ಬೇರೆ ಬೇರೆ ಪ್ರೋಗ್ರಾಂಗಳು ಎಂಟ್ಯಾಬನ್ನು ಓದಿ ಅದರ ಮೇಲೆ ನಿರ್ಧಾರ ಕೈಗೊಳ್ಳಲು ಶುರುವಾದಾಗ ದೋಷಗಳೂ ಬಯಲಾದವು. ವಿದ್ಯುತ್ ಹೋಗಿ ಗಣಕ ನಿಂತರೆ ಕರ್ನಲ್‌ನ ಕೋಷ್ಟಕ ಅಳಿದುಹೋಗುತ್ತಿತ್ತು, ಡಿಸ್ಕಿನ ಮೇಲಿನ ಎಂಟ್ಯಾಬ್ ಮಾತ್ರ ಹಳೆಯ ಸಂಗತಿಯನ್ನೇ ಹೇಳುತ್ತ ಉಳಿಯುತ್ತಿತ್ತು; ಆದ್ದರಿಂದ ಗಣಕ ಮತ್ತೆ ಚಾಲೂ ಆದಾಗ ಅದನ್ನು ಮೊದಲು ಬರಿದು ಮಾಡುವುದು ವಾಡಿಕೆಯಾಯಿತು. ಮೂಲ ಕಡತ ವ್ಯವಸ್ಥೆಯನ್ನು ಬರೆಯಲಾಗದಂತೆ, ಕೇವಲ ಓದಲು ಬರುವಂತೆ ಮೌಂಟ್ ಮಾಡಿದ್ದರೆ ಎಂಟ್ಯಾಬಿನಲ್ಲಿ ಏನನ್ನೂ ಬರೆಯಲಾಗುತ್ತಿರಲಿಲ್ಲ. ಮೌಂಟ್ ಆದೇಶವನ್ನು ಬಳಸದೆ ನೇರವಾಗಿ ಕರ್ನಲ್ ಅನ್ನು ಕೇಳಿಕೊಂಡ ಪ್ರೋಗ್ರಾಂ ಮಾಡಿದ ಮೌಂಟ್ ಪಟ್ಟಿಗೆ ಸೇರುತ್ತಲೇ ಇರಲಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯಲ್ಲಿ ಬೆಳೆದ ಬಿಎಸ್‌ಡಿ ಆವೃತ್ತಿಗಳು ಇಲ್ಲಿ ಎರಡು ಹೆಜ್ಜೆ ಮುಂದಿಟ್ಟವು. 1980ರ ಹೊತ್ತಿಗೆ ಬಂದ ಎಫ್‌ಸ್ಟ್ಯಾಬ್ ಎಂಬ ಕಡತ, ಯಾವ ಸಾಧನ ಎಲ್ಲಿ ಮೌಂಟ್ ಆಗಬೇಕೆಂಬ ಆಡಳಿತಗಾರನ ಉದ್ದೇಶವನ್ನು ದಾಖಲಿಸಿತು. ಈಗ ಏನು ಮೌಂಟ್ ಆಗಿದೆಯೆಂಬ ವಾಸ್ತವವನ್ನು ಹೇಳುವುದು ಎಂಟ್ಯಾಬಿನ ಪಾಲಿಗೆ ಉಳಿಯಿತು. ಉದ್ದೇಶ ಮತ್ತು ವಾಸ್ತವಗಳನ್ನು ಎರಡು ಕಡತಗಳಾಗಿ ಬೇರ್ಪಡಿಸಿದ ಈ ವಿವೇಕ ಇಂದಿಗೂ ನಡೆದುಬಂದಿದೆ, ಆದರೂ ಎಫ್‌ಸ್ಟ್ಯಾಬನ್ನು ಓದಿ ಅದೇ ಸದ್ಯದ ಸ್ಥಿತಿಯೆಂದು ಭಾವಿಸುವ ತಪ್ಪು ಹೊಸಬರಲ್ಲಿ ಈಗಲೂ ಸಾಮಾನ್ಯ. ಡಿಎಫ್‌ನ ಉತ್ತರದಲ್ಲಿ ಪ್ರತಿ ಸಾಧನದ ಮುಂದೆ ಅದು ಮೌಂಟ್ ಆದ ಜಾಗವನ್ನು ತೋರಿಸುವ ಕೊನೆಯ ಅಂಕಣವೂ ಬರ್ಕ್ಲಿಯ ಆವೃತ್ತಿಗಳಿಂದ ಬಂದುದು. ಮುಂದೆ 1993ರ 4.4 ಬಿಎಸ್‌ಡಿಯಲ್ಲಿ ಮೌಂಟ್ ಆದ ಎಲ್ಲ ಕಡತ ವ್ಯವಸ್ಥೆಗಳ ವಿವರವನ್ನು ಕರ್ನಲ್‌ನಿಂದಲೇ ಕೇಳಿ ಪಡೆಯುವ ಗೆಟ್‌ಎಫ್‌ಎಸ್‌ಸ್ಟ್ಯಾಟ್ ಎಂಬ ಕರೆ ಸೇರಿಕೊಂಡಿತು. ದಾಖಲೆಯನ್ನು ಕೆಲಸ ಮಾಡಿದವನ ಬಾಯಿಂದಲೇ ಕೇಳಬೇಕೆಂಬ ತತ್ತ್ವಕ್ಕೆ ಅಲ್ಲಿ ಮನ್ನಣೆ ದೊರೆಯಿತೆನ್ನಬಹುದು.

ಈ ನಡುವೆ ಮೌಂಟ್ ಆಗುವ ವಸ್ತುವಿನ ಸ್ವರೂಪವೇ ಬದಲಾಗಿತ್ತು. ಸನ್ ಮೈಕ್ರೋಸಿಸ್ಟಮ್ಸ್ 1985ರಲ್ಲಿ ಹೊರತಂದ ಎನ್‌ಎಫ್‌ಎಸ್ ಎಂಬ ಏರ್ಪಾಡಿನಿಂದ ದೂರದ ಗಣಕವೊಂದರ ಡೈರೆಕ್ಟರಿಯನ್ನು ಜಾಲದ ಮೂಲಕ ತಂದು ಸ್ವಂತ ಮರಕ್ಕೆ ಕೂಡಿಸುವುದು ಸಾಧ್ಯವಾಯಿತು. ಅದಕ್ಕಾಗಿ ಸನ್‌ನ ಇಂಜಿನಿಯರುಗಳು ಕರ್ನಲ್‌ನೊಳಗೆ ವಿಎಫ್‌ಎಸ್ ಎಂಬ ನಡುಪದರವನ್ನು ನಿರ್ಮಿಸಿದರು. ಕೆಳಗಿರುವುದು ಸ್ಥಳೀಯ ಡಿಸ್ಕೋ ದೂರದ ಸರ್ವರೋ ಎಂಬುದನ್ನು ಮೇಲಿನ ಪದರಗಳು ಅರಿಯಬೇಕಿಲ್ಲವೆಂಬುದು ಅದರ ತಿರುಳು. ಪಟ್ಟಿಯ ಸಾಧನದ ಅಂಕಣದಲ್ಲಿ ಡಿಸ್ಕಿನ ಹೆಸರಿನ ಬದಲು ಮತ್ತೊಂದು ಗಣಕದ ಹೆಸರೂ ಅದರ ಡೈರೆಕ್ಟರಿಯ ಹಾದಿಯೂ ಕಾಣಿಸತೊಡಗಿದವು. ಆ ದೂರದ ಗಣಕ ನಿಂತುಹೋದರೆ ಇಲ್ಲಿ ಬರೆದ ಡಿಎಫ್ ಆದೇಶ ಉತ್ತರ ಬರುವವರೆಗೆ ಅಲ್ಲಾಡದೆ ಕಾಯುತ್ತ ಕೂರುವುದು ಜಾಲದ ಆಡಳಿತಗಾರರಿಗೆಲ್ಲ ಪರಿಚಿತವಾದ ಪಾಡು.

ಸಾಧನವನ್ನು ಮರೆಮಾಡದ ಮತ್ತೊಂದು ಸಂಪ್ರದಾಯವೂ ಇದೇ ಕಾಲದಲ್ಲಿ ಬೆಳೆಯಿತು. ಗ್ಯಾರಿ ಕಿಲ್ಡಾಲ್ 1974ರಲ್ಲಿ ರೂಪಿಸಿದ ಸಿಪಿ/ಎಂ ವ್ಯವಸ್ಥೆಯಲ್ಲಿ ಪ್ರತಿ ಡಿಸ್ಕಿಗೂ ಎ, ಬಿ ಎಂಬಂತೆ ಒಂದೊಂದು ಅಕ್ಷರವಿತ್ತು; 1981ರಲ್ಲಿ ಬಂದ ಡಾಸ್ ಅದನ್ನೇ ಅನುಸರಿಸಿತು, ಅದರಿಂದ ವಿಂಡೋಸ್ ಪಡೆದುಕೊಂಡಿತು. ಅಲ್ಲಿ ಕಡತದ ಹಾದಿ ಸಾಧನದ ಅಕ್ಷರದಿಂದಲೇ ಆರಂಭವಾಗುವುದರಿಂದ ಪ್ರಶ್ನೆ ಬಹುಕಾಲ ಏಳಲಿಲ್ಲ. ವಿಂಡೋಸ್ 2000ದಲ್ಲಿ ಡಿಸ್ಕನ್ನು ಡೈರೆಕ್ಟರಿಯೊಂದಕ್ಕೆ ಕೂಡಿಸುವ ಸೌಲಭ್ಯ ಬಂದಾಗ, ಅದರ ಜೊತೆಗೆ ಯಾವುದು ಎಲ್ಲಿ ಕೂಡಿದೆಯೆಂದು ತೋರಿಸುವ ಮೌಂಟ್‌ವಾಲ್ ಎಂಬ ಆದೇಶವನ್ನೂ ಕೊಡಬೇಕಾಯಿತು.

ಯುನಿಕ್ಸ್ ವಂಶದ ವ್ಯವಸ್ಥೆಯಾದ ಲಿನಕ್ಸ್ ತನ್ನ ಮೊದಲ ವರ್ಷಗಳಲ್ಲಿ ಎಂಟ್ಯಾಬನ್ನು ಅದರ ದೋಷಗಳ ಸಮೇತ ಸ್ವೀಕರಿಸಿತು. ಆದರೆ ಅದಕ್ಕೆ ಇನ್ನೊಂದು ಅನುಕೂಲವಿತ್ತು. ಬೆಲ್ ಪ್ರಯೋಗಾಲಯದ ಯುನಿಕ್ಸ್ ಎಂಟನೆಯ ಆವೃತ್ತಿಯಲ್ಲಿ ಟಾಮ್ ಕಿಲ್ಲಿಯನ್ ಆರಂಭಿಸಿದ ಪ್ರಾಕ್ ಎಂಬ ಕಲ್ಪನೆ, ಎಂದರೆ ಡಿಸ್ಕಿನ ಮೇಲೆ ಎಲ್ಲಿಯೂ ಇಲ್ಲದೆ ಓದಿದ ಕ್ಷಣದಲ್ಲಿ ಕರ್ನಲ್ ಹುಟ್ಟಿಸಿಕೊಡುವ ಕಡತಗಳ ಡೈರೆಕ್ಟರಿ, ಲಿನಕ್ಸ್‌ನಲ್ಲಿ ಬಹಳ ವಿಸ್ತಾರವಾಗಿ ಬೆಳೆಯಿತು. ಅದರೊಳಗಿನ ಮೌಂಟ್ಸ್ ಎಂಬ ಕಡತವನ್ನು ತೆರೆದರೆ ಆ ಹೊತ್ತಿನ ನಿಜವಾದ ಪಟ್ಟಿಯೇ ಸಿಗುತ್ತಿತ್ತು. ಹಳೆಯ ಪ್ರೋಗ್ರಾಂಗಳೂ ಓದಲಿ ಎಂಬ ಕಾಳಜಿಯಿಂದ ಅದರ ಸಾಲುಗಳನ್ನು ಆ ವೇಳೆಗೆ ಆರು ಅಂಕಣಗಳಿಗೆ ಬೆಳೆದಿದ್ದ ಎಂಟ್ಯಾಬಿನ ವಿನ್ಯಾಸಕ್ಕೇ ಹೊಂದಿಸಲಾಯಿತು. ಕೊನೆಯ ಎರಡು ಅಂಕಣಗಳು ಪ್ರತಿ ತೆಗೆಯುವ ಮತ್ತು ಡಿಸ್ಕಿನ ತಪಾಸಣೆ ನಡೆಸುವ ಕ್ರಮಕ್ಕೆ ಸಂಬಂಧಿಸಿದವು. ಅವು ಎಫ್‌ಸ್ಟ್ಯಾಬ್ ಬರೆದ ಆಡಳಿತಗಾರನಿಗೆ ಮಾತ್ರ ಗೊತ್ತಿರುವ ಸಂಗತಿಯಾದ್ದರಿಂದ ಕರ್ನಲ್ ಅಲ್ಲಿ ಎರಡು ಸೊನ್ನೆಗಳನ್ನಷ್ಟೇ ಬರೆಯುತ್ತದೆ.

ಪಟ್ಟಿ ನಿಜವಾದರೂ ಅದರಲ್ಲಿ ಬರುವ ಸಾಧನದ ಹೆಸರು ಸ್ಥಿರವಾಗಿರಲಿಲ್ಲ. ಲಿನಕ್ಸ್‌ನಲ್ಲಿ ಐಡಿಇ ಬಗೆಯ ಡಿಸ್ಕ್‌ಗಳಿಗೆ ಎಚ್‌ಡಿ ಎಂದೂ ಸ್ಕಸಿ ಬಗೆಯವಕ್ಕೆ ಎಸ್‌ಡಿ ಎಂದೂ ಶುರುವಾಗುವ ಹೆಸರುಗಳಿದ್ದವು. ಯುಎಸ್‌ಬಿ ಬಂದ ಮೇಲೆ ಸಾಧನಗಳು ಯಾವ ಗಳಿಗೆಯಲ್ಲಾದರೂ ಬಂದು ಹೋಗುವಂತಾಗಿ, ಕಂಡುಬಂದ ಕ್ರಮದಲ್ಲಿ ಹೆಸರು ಪಡೆಯುತ್ತಿದ್ದುದರಿಂದ, ಇಂದು ಎಸ್‌ಡಿಬಿ ಆಗಿದ್ದ ಡಿಸ್ಕ್ ನಾಳೆ ಎಸ್‌ಡಿಸಿ ಆಗಬಹುದಿತ್ತು. ಇದಕ್ಕೆ ಪರಿಹಾರವಾಗಿ ಕಡತ ವ್ಯವಸ್ಥೆಯನ್ನು ಸೃಷ್ಟಿಸುವಾಗಲೇ ಅದರ ಮೇಲೆ ಬರೆದುಬಿಡುವ ಯುಯುಐಡಿ ಎಂಬ 128 ಬಿಟ್‌ಗಳ ಗುರುತು ರೂಢಿಗೆ ಬಂತು, ಮತ್ತು 2003ರಿಂದ ಬೆಳೆದ ಯುಡೆವ್ ಎಂಬ ತಂತ್ರಾಂಶ ಆ ಗುರುತಿನಿಂದ ಸಾಧನವನ್ನು ತಲುಪುವ ಹಾದಿಗಳನ್ನು ತಾನೇ ಕಟ್ಟಿಕೊಡತೊಡಗಿತು. 2004ರ ಜನವರಿಯಲ್ಲಿ ಪ್ರಕಟವಾದ, ಡೈರೆಕ್ಟರಿಗಳ ಏರ್ಪಾಡನ್ನು ಗೊತ್ತುಪಡಿಸುವ ಮಾನಕದ 2.3ನೆಯ ಆವೃತ್ತಿ, ಕಳಚಬಹುದಾದ ಮಾಧ್ಯಮಗಳಿಗೆಂದು ಮೀಡಿಯಾ ಎಂಬ ಡೈರೆಕ್ಟರಿಯನ್ನು ಗೊತ್ತುಮಾಡಿತು. ಪೆನ್ ಡ್ರೈವ್ ಚುಚ್ಚಿದೊಡನೆ ಅದು ತಾನಾಗಿ ಮೌಂಟ್ ಆಗುವ ಸೌಕರ್ಯ ಬಂದಮೇಲೆ, ಎಲ್ಲಿ ಮೌಂಟ್ ಆಯಿತೆಂದು ಕೇಳಬೇಕಾದ ಸಂದರ್ಭಗಳು ಕಡಿಮೆಯಾಗುವ ಬದಲು ಹೆಚ್ಚಿದವು, ಏಕೆಂದರೆ ಮೌಂಟ್ ಮಾಡಿದವನು ಈಗ ಕೇಳುವವನಲ್ಲ.

ನಿಜವಾದ ತಿರುವು ಬೇರೆ ದಿಕ್ಕಿನಿಂದ ಬಂತು. ಬೆಲ್ ಪ್ರಯೋಗಾಲಯದವರೇ ಯುನಿಕ್ಸ್‌ನ ನಂತರ ರೂಪಿಸಿದ, 1992ರಲ್ಲಿ ವಿಶ್ವವಿದ್ಯಾಲಯಗಳಿಗೆ ಮೊದಲು ತಲುಪಿದ ಪ್ಲಾನ್ 9 ಎಂಬ ವ್ಯವಸ್ಥೆಯಲ್ಲಿ ಇಡೀ ಗಣಕಕ್ಕೆ ಒಂದೇ ಮರ ಎಂಬ ಕಟ್ಟುಪಾಡನ್ನು ಬಿಡಲಾಯಿತು. ಪ್ರತಿ ಪ್ರಕ್ರಿಯೆ, ಎಂದರೆ ಚಾಲೂ ಆಗಿರುವ ಪ್ರತಿ ಪ್ರೋಗ್ರಾಂ, ತನ್ನದೇ ಮರವನ್ನು ಕಟ್ಟಿಕೊಳ್ಳಬಹುದಿತ್ತು. ಲಿನಕ್ಸ್ ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಅಲೆಕ್ಸಾಂಡರ್ ವೀರೋ ಈ ವಿಚಾರವನ್ನು ಲಿನಕ್ಸ್‌ಗೆ ತಂದರು. 2001ರ ಜನವರಿಯ 2.4 ಆವೃತ್ತಿಯಲ್ಲಿ ಬೈಂಡ್ ಮೌಂಟ್, ಎಂದರೆ ಈಗಾಗಲೇ ಮರದಲ್ಲಿರುವ ಡೈರೆಕ್ಟರಿಯೊಂದನ್ನೇ ಮತ್ತೊಂದು ಜಾಗದಲ್ಲಿಯೂ ಕಾಣಿಸುವ ಸೌಲಭ್ಯ, ಬಂತು, 2002ರ 2.4.19ರಲ್ಲಿ ಪ್ರಕ್ರಿಯೆಗಳ ಗುಂಪಿಗೊಂದು ಪ್ರತ್ಯೇಕ ಮೌಂಟ್ ಪಟ್ಟಿ ಕೊಡುವ ನೇಮ್‌ಸ್ಪೇಸ್ ಬಂತು. ಪ್ರೋಗ್ರಾಂಗಳನ್ನು ಪ್ರತ್ಯೇಕ ಆವರಣಗಳಲ್ಲಿ ನಡೆಸುವ ಡಾಕರ್ ಮೊದಲಾದ ಕಂಟೈನರ್ ತಂತ್ರಗಳು ಇದರ ಮೇಲೆ ನಿಂತಿವೆ. ಎಂಟ್ಯಾಬಿಗೆ ಇದು ಮರಣಶಾಸನವಾಯಿತು: ನೋಡುವವರಿಗೆ ತಕ್ಕಂತೆ ಉತ್ತರ ಬದಲಾಗುವಾಗ ಒಂದೇ ಕಡತದಲ್ಲಿ ಬರೆದಿಟ್ಟ ಒಂದೇ ಪಟ್ಟಿ ಎಲ್ಲರಿಗೂ ಸತ್ಯವಾಗಿರಲು ಸಾಧ್ಯವೇ ಇಲ್ಲ.

ಹಳೆಯ ಒಂದು ಜಾಣ ಉಪಾಯವೂ ಇದರಿಂದ ಕುಂಠಿತವಾಯಿತು. ಕಡತ ಯಾವ ಸಾಧನದ ಮೇಲಿದೆಯೆಂಬ ಸಂಖ್ಯೆಯನ್ನು ಕರ್ನಲ್ ಸದಾ ಹೇಳುತ್ತಿದ್ದುದರಿಂದ, ಡೈರೆಕ್ಟರಿಯೊಂದರ ಸಂಖ್ಯೆಯನ್ನು ಅದರ ಮೇಲಿನ ಡೈರೆಕ್ಟರಿಯ ಸಂಖ್ಯೆಯೊಂದಿಗೆ ಹೋಲಿಸುತ್ತ ಏರಿ, ಎಲ್ಲಿ ಎರಡೂ ಬೇರೆಯಾಗುತ್ತವೆಯೋ ಅದೇ ಮೌಂಟ್ ಪಾಯಿಂಟ್ ಎಂದು ಪಟ್ಟಿಯ ನೆರವಿಲ್ಲದೆ ಕಂಡುಹಿಡಿಯಬಹುದಿತ್ತು. ಒಂದೇ ಸಾಧನದೊಳಗೆ ನಡೆದ ಬೈಂಡ್ ಮೌಂಟ್‌ನಲ್ಲಿ ಎರಡೂ ಕಡೆ ಸಂಖ್ಯೆ ಒಂದೇ ಆಗಿರುವುದರಿಂದ ಈ ಪರೀಕ್ಷೆ ಗಡಿಯನ್ನು ಗುರುತಿಸದೆ ದಾಟಿಹೋಗುತ್ತದೆ.

2008ರ 2.6.26 ಆವೃತ್ತಿಯಲ್ಲಿ ಸೇರಿದ ಮೌಂಟ್‌ಇನ್ಫೋ ಎಂಬ ಕಡತ ಈ ಎಲ್ಲ ಹೊಸ ಸಂಬಂಧಗಳನ್ನು ಹೇಳಬಲ್ಲದ್ದಾಗಿದೆ. ಪ್ರತಿ ಮೌಂಟ್‌ಗೆ ಒಂದು ಕ್ರಮಸಂಖ್ಯೆ, ಅದು ಯಾವ ಮೌಂಟ್‌ನ ಮೇಲೆ ನಿಂತಿದೆಯೆಂಬ ಸಂಖ್ಯೆ, ಸಾಧನದ ಸಂಖ್ಯೆ, ಆ ಸಾಧನದೊಳಗಿನ ಯಾವ ಡೈರೆಕ್ಟರಿ ಇಲ್ಲಿ ಕಾಣುತ್ತಿದೆಯೆಂಬ ವಿವರ ಎಲ್ಲವೂ ಅದರಲ್ಲಿವೆ. ಅದನ್ನು ಓದಿ ಮರದ ಆಕಾರದಲ್ಲಿ ಜೋಡಿಸಿ ತೋರಿಸುವ ಫೈಂಡ್‌ಮೌಂಟ್ ಆದೇಶವೂ, ಸಾಧನಗಳ ಕಡೆಯಿಂದ ಹೊರಟು ಪ್ರತಿ ಡಿಸ್ಕಿನ ಭಾಗಗಳನ್ನೂ ಅವು ಮೌಂಟ್ ಆದ ಜಾಗಗಳನ್ನೂ ಪಟ್ಟಿಮಾಡುವ ಎಲ್‌ಎಸ್‌ಬಿಎಲ್‌ಕೆ ಆದೇಶವೂ 2010ರ ಸುಮಾರಿಗೆ ಬಳಕೆಗೆ ಬಂದವು. ಅದೇ ದಶಕದಲ್ಲಿ ಹೆಚ್ಚಿನ ಲಿನಕ್ಸ್ ವಿತರಣೆಗಳು ಎಂಟ್ಯಾಬನ್ನು ಬರೆಯುವುದನ್ನೇ ನಿಲ್ಲಿಸಿ, ಆ ಹೆಸರನ್ನು ಪ್ರಾಕ್‌ನೊಳಗಿನ ಪಟ್ಟಿಗೆ ಒಯ್ಯುವ ಕೊಂಡಿಯಾಗಿ ಮಾತ್ರ ಉಳಿಸಿಕೊಂಡವು. ಆ ಕೊಂಡಿ ಓದುವ ಪ್ರಕ್ರಿಯೆಗೆ ಅದರ ಸ್ವಂತ ನೇಮ್‌ಸ್ಪೇಸಿನ ಪಟ್ಟಿಯನ್ನು ತೋರಿಸುತ್ತದೆ.

ಪಟ್ಟಿ ಕರ್ನಲ್‌ನದಾದ ಮೇಲೂ ತೊಡಕು ತೀರಲಿಲ್ಲ. ಕಂಟೈನರ್‌ಗಳಿಂದ ತುಂಬಿದ ಸರ್ವರಿನಲ್ಲಿ ಮೌಂಟ್‌ಗಳು ಸಾವಿರಗಟ್ಟಲೆ ಇರುತ್ತವೆ. ಒಂದು ಬದಲಾವಣೆಯನ್ನು ತಿಳಿಯಲು ಇಡೀ ಮೌಂಟ್‌ಇನ್ಫೋವನ್ನು ಅಕ್ಷರಗಳಾಗಿ ಓದಿ ಬಿಡಿಸುವುದು ದುಬಾರಿ, ಓದುತ್ತಿರುವಾಗಲೇ ಪಟ್ಟಿ ಬದಲಾಗಬಹುದು, ಬಿಡಿಸಿದ ಮೌಂಟ್‌ನ ಕ್ರಮಸಂಖ್ಯೆ ಹೊಸದೊಂದಕ್ಕೆ ಸಿಕ್ಕಿ ಗೊಂದಲವೂ ಆಗಬಹುದು. 2024ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 6.8ರಲ್ಲಿ ಲಿಸ್ಟ್‌ಮೌಂಟ್ ಮತ್ತು ಸ್ಟ್ಯಾಟ್‌ಮೌಂಟ್ ಎಂಬ ಎರಡು ಕರೆಗಳು ಸೇರಿದ್ದು ಈ ಕಾರಣದಿಂದ. ಮೊದಲನೆಯದು ಮೌಂಟ್‌ಗಳ ಕ್ರಮಸಂಖ್ಯೆಗಳನ್ನು ಮಾತ್ರ ಕೊಡುತ್ತದೆ, ಎರಡನೆಯದು ಕೇಳಿದ ಒಂದು ಮೌಂಟ್‌ನ ಕೇಳಿದ ವಿವರಗಳನ್ನಷ್ಟೇ ಕೊಡುತ್ತದೆ. ಆ ಸಂಖ್ಯೆಗಳು 64 ಬಿಟ್‌ಗಳವಾಗಿದ್ದು ಗಣಕ ಚಾಲೂ ಇರುವವರೆಗೆ ಮರುಬಳಕೆಯಾಗುವುದಿಲ್ಲ. ಎಂಟ್ಯಾಬಿನ ಕಾಲದಿಂದ ಬಂದ ಆರು ಅಂಕಣಗಳ ಪಠ್ಯಪಟ್ಟಿಯನ್ನು ಕರ್ನಲ್ ಈಗಲೂ ಒದಗಿಸುತ್ತಲೇ ಇದೆ, ಏಕೆಂದರೆ ಅದನ್ನು ಓದಿ ನಡೆಯುವ ಪ್ರೋಗ್ರಾಂಗಳು ಇನ್ನೂ ಅಸಂಖ್ಯವಾಗಿವೆ.